ಮಹಾರಾಣಿಯ ಮೂಗು

ಕಾರ್ನುಂಟಮ್,
ದ್ರಾಕ್ಷಿ ಕೊಯ್ಲು ಮುಗಿದ ಎಂಟನೆಯ ದಿನ

ಮುದ್ದಿನ ಮಗಳು ಬೊನಿಯಾಳಿಗೆ,

ನೀನು, ನಿನ್ನ ಗಂಡ, ಹೊಟ್ಟೆಯಲ್ಲಿರುವ ಕೂಸು ಎಲ್ಲರೂ ಸೌಖ್ಯವೇ? ಅಕ್ವಿಲೇಯಾದ ಸಮುದ್ರದ ಗಾಳಿ ಒಗ್ಗಿತೇ? ಗಂಡನ ಗಾಜಿನ ಕುಲುಮೆಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಡ. ನನ್ನದು ಎಂದಿನಂತೆಯೇ: ಮಂಡಿ ನೋವು, ಬಾರ್ಲಿ ಗಂಜಿ, ನಾಯಿಯ ಜೊತೆ ಮಾತು. ಈಚೆಗೆ ಆ ನಾಯಿಯೂ ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತದೆ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಇಬ್ಬರಿಗೆ ಗಂಜಿ ಬೇಯಿಸುವ ಅಭ್ಯಾಸ ಇನ್ನೂ ತಪ್ಪಿಲ್ಲ.

ನಮ್ಮ ಸೈನ್ಯ ತನ್ನ ದಂಡನಾಯಕ ರೆಗಾಲಿಯಾನಸನನ್ನೇ ಚಕ್ರವರ್ತಿ ಎಂದು ಕೂಗಿದ ಸುದ್ದಿ ನಿನಗೂ ಮುಟ್ಟಿರಬೇಕು. ಅವನು ಸತ್ತ. ಯಾರು ಕೊಂದರೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವನು ಪಟ್ಟಕ್ಕೆ ಬಂದ ವಾರ ನಾನು ಉಪ್ಪು ಹಾಕಿಟ್ಟ ಹಂದಿಮಾಂಸ ಇನ್ನೂ ಮುಗಿದಿಲ್ಲ, ದೊರೆ ಮುಗಿದ.

ಆ ನಾಲ್ಕು ದಿನದ ದೊರೆತನದಲ್ಲಿ ನನ್ನದೂ ಒಂದು ಪಾಲಿತ್ತು. ಉಂಗುರಕ್ಕೆ ಮುದ್ರೆ ಕೊರೆದುಕೊಂಡಿದ್ದ ನನ್ನನ್ನು ಹಿಡಿದು ತಂದು, ಬೆಳ್ಳಿ ನಾಣ್ಯಕ್ಕೆ ಅಚ್ಚು ಕೊರೆ ಎಂದರು. ಬೆಳ್ಳಿ ಕರಗಿಸುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ಹಳೆಯ ದೊರೆಗಳ ನಾಣ್ಯವನ್ನೇ ಅಚ್ಚಿನ ನಡುವೆ ಇಟ್ಟು ಗೆಳೆಯ ದಾಸಿಯಸ್ ಸುತ್ತಿಗೆ ಬೀಸುತ್ತಿದ್ದ. ಕೆಲವು ನಾಣ್ಯಗಳಲ್ಲಿ ಹಳೆಯ ಮುಖ ಪೂರ್ತಿ ಅಳಿಯದೆ, ಹೊಸ ಮುಖದ ಗದ್ದದ ಕೆಳಗೆ ಯಾರದೋ ಕಿವಿ ಹಾಗೇ ಉಳಿಯುತ್ತಿತ್ತು. ದೊರೆಯನ್ನು ದೂರದಿಂದ ಕಂಡಿದ್ದೆ, ಗಡ್ಡ ಕೊರೆದು ಪಾರಾದೆ. ಆದರೆ ಮಹಾರಾಣಿ ದ್ರಿಯಾಂಟಿಲ್ಲಾಳನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಸಂಜೆಯೊಳಗೆ ಅಚ್ಚು ಬೇಕು ಎಂದು ತಲೆಯ ಮೇಲೆ ಕೂತರು. ಕೈ ತಾನಾಗಿ ನಡೆಯಿತು. ಮೂಗು ಮುಗಿದ ಮೇಲೆ ನೋಡುತ್ತೇನೆ, ಅದು ನಿನ್ನ ಅಮ್ಮ ಅಟ್ಟೂಯಾಳ ಮೂಗು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ತುಟಿ, ಕತ್ತು, ಕಿವಿಯ ಹಿಂದೆ ಸಿಕ್ಕಿಸುತ್ತಿದ್ದ ಕೂದಲು, ಎಲ್ಲವನ್ನೂ ಕೊರೆದೆ. ದಾಸಿಯಸ್ ನಾಣ್ಯ ತಿರುಗಿಸಿ ನೋಡಿ, “ಏನ್ ಮುದುಕಾ, ಮಹಾರಾಣಿ ನಮ್ ಬೀದೀಲಿ ಬಟ್ಟೆ ಒಗೆಯೋಕೆ ಬರ್ತಿದ್ಲಾ?” ಎಂದ. ಆಮೇಲೆ ನನ್ನ ಮುಖ ನೋಡಿ ಮತ್ತೆ ಸುತ್ತಿಗೆ ಎತ್ತಿಕೊಂಡ.

ನೀನು ಆರು ವರ್ಷದವಳಿದ್ದಾಗ, “ಅಪ್ಪಾ, ಅಮ್ಮ ಹೆಂಗಿದ್ಲು?” ಎಂದು ಕೇಳಿದ್ದೆ. “ಎಲ್ರ ಥರಾನೇ ಇದ್ಲು, ಮೊದ್ಲು ಉಣ್ಣು” ಎಂದು ಗದರಿದ್ದೆ. ನೀನು ಮತ್ತೆಂದೂ ಕೇಳಲಿಲ್ಲ. ಆಗ ನನಗೆ ಮಾತು ಬರಲಿಲ್ಲ ಮಗಳೇ, ಕೋಪ ಬಂತು. ಅದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಈಗ ಹೊಸ ಅಧಿಕಾರಿ ಬಂದಿದ್ದಾನೆ. ಸತ್ತ ದೊರೆಯದು, ರಾಣಿಯದು, ಒಂದು ನಾಣ್ಯವೂ ಯಾರ ಹತ್ತಿರವೂ ಉಳಿಯಕೂಡದಂತೆ. ಬಚ್ಚಿಟ್ಟವನನ್ನು ಆ ಸತ್ತ ದೊರೆಯ ಕಡೆಯವನೆಂದೇ ಲೆಕ್ಕ ಹಿಡಿದು ತಲೆ ತೆಗೆಯುತ್ತಾರೆ. ಅಚ್ಚನ್ನು, ಅದನ್ನು ಕೊರೆದ ನನ್ನ ಕೈಯಲ್ಲೇ ಒಡೆಸಿದರು. “ಕಣ್ಮುಚ್ಕೊಂಡು ಹೊಡಿ ಮಾರಾಯ, ನಾ ಹಿಡ್ಕೊಂಡಿರ್ತೀನಿ” ಎಂದ ದಾಸಿಯಸ್. ಮೂರು ಪೆಟ್ಟು ಬೇಕಾಯಿತು. ಆಮೇಲೆ ಮನೆಯಲ್ಲಿ ಮೇಣದ ಮೇಲೆ ಎರಡು ಸಲ ನಿನ್ನ ಅಮ್ಮನ ಮುಖ ಕೊರೆಯಲು ಕೂತೆ. ಅವಳು ಬರಲಿಲ್ಲ.

ಈ ಪತ್ರ ತರುವ ಹೇಸರಗತ್ತೆಯವನಿಗೆ ಓದು ಬಾರದು. ಅವನಿಗೆ ಬಿಸಿ ಊಟ ಹಾಕು. ಕೂಸಿನ ಕಾಲ್ಚೀಲಕ್ಕೆ ಉಣ್ಣೆಯ ಮೂರು ಉಂಡೆ ಕಳಿಸಿದ್ದೇನೆ. ಬಣ್ಣ ಚೆನ್ನಾಗಿಲ್ಲವೆಂದು ಓರಗಿತ್ತಿಯರಿಗೆ ದಾನ ಮಾಡಿಬಿಡಬೇಡ. ಹೆರಿಗೆ ಸುಸೂತ್ರವಾಗಲಿ, ಮನೆದೇವರು ನಿನ್ನ ಹೊಸ್ತಿಲಲ್ಲೇ ಇರಲಿ. ನಿನ್ನ ಗಂಡನಿಗೆ ನನ್ನ ನೆನಪು ಹೇಳು.

ನಿನ್ನ ಅಪ್ಪ,
ಮೊಗೆಟಿಯಸ್

ಮರೆತಿದ್ದೆ: ಬೂದು ಬಣ್ಣದ ಉಂಡೆಯನ್ನು ಬಾಗಿಲು ಹಾಕಿಕೊಂಡು, ಒಬ್ಬಳೇ ಇದ್ದಾಗ ಬಿಚ್ಚು. ಈ ಪತ್ರವನ್ನು ಒಲೆಗೆ ಹಾಕು. ಅದರೊಳಗಿರುವುದೊಂದೇ ಉಳಿದದ್ದು, ನನಗೆಂದು ಬೇರೆ ಇಟ್ಟುಕೊಂಡಿಲ್ಲ. ಗದ್ದದ ಕೆಳಗಿನ ಕಿವಿ ಯಾವನೋ ಹಳೆಯ ದೊರೆಯದು, ಅದನ್ನು ಬಿಟ್ಟುಬಿಡು. ಉಳಿದಂತೆ ನಿನ್ನ ಅಮ್ಮ ಹೀಗೇ ಇದ್ದಳು.