ಸಂಜೆಗೆ ಏಳುವ ಗಿಡ

ಹಿಂದವಾಡಿ, ಬೆಳಗಾವಿ
೨೨ ಏಪ್ರಿಲ್ ೨೦೨೫, ಮಂಗಳವಾರ

ಸೌ. ಕಾಂತಾಳಿಗೆ ಶರಣು.

ಗಂಡನಾದವನು ಆಶೀರ್ವಾದ ಎಂದು ಬರೆಯಬೇಕಂತೆ. ಆದರೆ ನೀನು ಮಗಳ ಬಾಣಂತನಕ್ಕೆ ಗುಂಜಿಗೆ ಹೋದ ಮೇಲೆ ನಾನು ಸುಟ್ಟ ಮೂರು ಪಾತ್ರೆಗಳು ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿವೆ. ಅವುಗಳ ಎದುರು ಶರಣು ಎನ್ನುವುದೇ ಲೇಸು.

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತು, ನಿಜ. ಆದರೆ ಅಲ್ಲಿ ಅಂಗಳದ ಮೂಲೆಯಲ್ಲಿ ನಿಂತು ಕೂಗಿದರೆ ಮಾತ್ರ ಕೇಳಿಸುತ್ತದೆ ಎಂದು ನೀನೇ ಬರೆದಿದ್ದೀ. ಹಾಗೆ ಕೂಗಿದರೆ ಸಮೃದ್ಧಿಗೂ ಕೇಳಿಸುತ್ತದೆ. ನಿನಗೊಬ್ಬಳಿಗೇ ಹೇಳಬೇಕಾದ ಮಾತೊಂದು ನನ್ನ ಹತ್ತಿರ ಇದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಬಸವ ಜಯಂತಿಯ ದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುತ್ತೇವೆ, ನೀವು ಬರುತ್ತೀರೋ ಇಲ್ಲವೋ? ನಾಲ್ಕು ವರ್ಷ ಮಗಳ ಹೆಸರನ್ನೇ ಎತ್ತದವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮೊದಲು ನಿನ್ನ ಹೈಡ್ರೇಂಜಿಯಾ ಗಿಡಗಳ ಸುದ್ದಿ ಹೇಳಿಬಿಡುತ್ತೇನೆ. ನಗಬೇಡ, ಅಲ್ಲಿಂದ ಶುರುಮಾಡಿದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಹೋಳಿ ಹುಣ್ಣಿಮೆಯಿಂದ ಈಚೆಗೆ ಬಿಸಿಲು ಕೆಂಡವಾಗಿದೆ. ನೀನು ಫ್ರಿಜ್ಜಿಗೆ ಅಂಟಿಸಿ ಹೋದ ಚೀಟಿಯಲ್ಲಿ "ಬೆಳಿಗ್ಗೆ ಒಮ್ಮೆ, ಬುಡಕ್ಕೆ ಮಾತ್ರ ನೀರು" ಎಂದಿತ್ತು. ಮೊದಲ ವಾರ ಹಾಗೆಯೇ ಮಾಡಿದೆ. ಆದರೆ ಮಧ್ಯಾಹ್ನ ಊಟ ಮಾಡಿ ಹೊರಗೆ ಬಂದು ನೋಡಿದರೆ ಮೂರೂ ಕುಂಡಗಳ ಎಲೆ ಹಿಂಡಿದ ಅರಿವೆಯಂತೆ ಜೋತುಬಿದ್ದಿರುತ್ತಿತ್ತು. ಮೂವತ್ತೆರಡು ವರ್ಷ ಊರಿಗೆ ನೀರು ಬಿಡುವ ನೌಕರಿ ಮಾಡಿದವನು ನಾನು. ಬಾಡಿದ್ದನ್ನು ಕಂಡೂ ಸುಮ್ಮನಿರಲು ಹೇಗೆ ಸಾಧ್ಯ? ಒಂದೊಂದಕ್ಕೂ ಎರಡೆರಡು ತಂಬಿಗೆ ಸುರಿದೆ. ಮರುದಿನವೂ ಸುರಿದೆ, ಅದರ ಮರುದಿನವೂ. ಎರಡನೆಯ ವಾರಕ್ಕೆ ನೀನು ಕಡ್ಡಿ ನೆಟ್ಟು ಎಬ್ಬಿಸಿದ್ದ ಚಿಕ್ಕ ಕುಂಡದ ಗಿಡ ಕಪ್ಪಾಯಿತು. ಕಿತ್ತು ನೋಡಿದೆ, ಬೇರು ಬೆಂದ ಬದನೆಕಾಯಿ ಆಗಿತ್ತು. ಹೇಳದೆ ಮುಚ್ಚಿಡೋಣ ಎಂದುಕೊಂಡಿದ್ದೆ. ಮುಚ್ಚಿಡುವುದರಲ್ಲಿ ನಾನು ಪಳಗಿದವನೇ. ಆದರೆ ಇನ್ನು ಸಾಕು.

ಇನ್ನೊಂದು ಅನಾಹುತವೂ ಆಗಿದೆ. ನಾಲ್ಕು ವರ್ಷದ ಹಿಂದೆ ಯಾರೋ ಗೇಟಿನಲ್ಲಿ ಇಟ್ಟುಹೋದರಲ್ಲ, ಆ ದೊಡ್ಡ ಕುಂಡದಲ್ಲಿ ಪ್ರತಿ ವರ್ಷ ಅಚ್ಚ ನೀಲಿ ಗೊಂಚಲು ಬಿಡುತ್ತಿತ್ತು. ಈ ಸಲ ಗುಲಾಬಿ ಬಣ್ಣದ್ದು ಬಿಟ್ಟಿದೆ! ಗಿಡಕ್ಕೆ ನನ್ನ ಮೇಲೆ ಸಿಟ್ಟು ಬಂತೋ ಏನೋ ಎಂದು ಗಾಬರಿಯಾಯಿತು. ಈ ಒಗಟು ಬಿಡಿಸಿದ್ದು ನಿನ್ನ ಬೀಗಿತ್ತಿ ಕಾಡವ್ವ.

ಅವರು ಕಳೆದ ಶುಕ್ರವಾರ ಕಣ್ಣು ತೋರಿಸಲು ಬೆಳಗಾವಿಗೆ ಬಂದದ್ದು ನಿನಗೆ ಗೊತ್ತು. ನಮ್ಮ ಮನೆಗೂ ಬಂದಿದ್ದರೆಂದು ಹೇಳಿರಬಹುದು. ಪೂರ್ತಿ ಹೇಳಿರಲಿಕ್ಕಿಲ್ಲ. ಮಧ್ಯಾಹ್ನ ಎರಡಕ್ಕೆ ನಾನು ತಂಬಿಗೆ ಹಿಡಿದು ಗಿಡದ ಮುಂದೆ ನಿಂತಿದ್ದೇನೆ, ಗೇಟಿನ ಆಚೆಯಿಂದ ಒಂದು ದನಿ.

"ಬೀಗರ, ಏನ ಮಾಡಾಕತ್ತೀರಿ? ಆ ತಂಬಿಗಿ ಕೆಳಗ ಇಡ್ರಿ ಮೊದ್ಲ!"

ಬೀಗರ! ನನ್ನನ್ನು ಇಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ, ಕಾಂತಾ. ಕರೆಯಲು ನಾನು ಯಾರಿಗೂ ಎಡೆ ಕೊಟ್ಟಿರಲಿಲ್ಲ. "ಒಳಗ ಬರ್ರಿ" ಎಂದೆ. ದನಿ ಎಷ್ಟು ಸಣ್ಣಗೆ ಹೊರಟಿತೆಂದರೆ ಅವರು ಎರಡನೆಯ ಸಲ ಹೇಳಿಸಿಕೊಂಡು ಬಂದರು. ಕುರ್ಚಿ ಬೇಡವೆಂದು ಕಟ್ಟೆಯ ಮೇಲೆ ಕುಳಿತು, ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡಿದರು.

"ನೀರ ಕಡಿಮಿ ಆಗಿ ಬಾಡಿಲ್ಲರಿ ಇದು. ಮಣ್ಣ ಹಸೀನ ಐತಿ. ಬಿಸಲ ತಡೀಲಾರದ ಎಲಿ ಇಳಿಬಿಟ್ಟೈತಿ, ಅಷ್ಟ. ಸಂಜೀಕ ತಾನ ಏಳತೈತಿ. ಏಳಲಿಲ್ಲಂದ್ರ ಆವಾಗ ನೀರ ಹಾಕೂಣು."

"ಈ ಹೂವಿನ ಬಣ್ಣ ಯಾಕ ಕೆಟ್ಟೈತ್ರಿ?" ಎಂದು ಕೇಳಿದೆ. ಬುಡದಲ್ಲಿ ಬೆಳ್ಳಗೆ ಕಟ್ಟಿದ್ದನ್ನು ನೋಡಿ ಇದೇನು ಎಂದರು. ದಿನವೂ ಲಿಂಗಪೂಜೆಯ ನೀರು ತುಳಿಯಬಾರದೆಂದು ಅದೇ ಕುಂಡಕ್ಕೆ ಹಾಕುತ್ತೇನಲ್ಲ, ಅದರ ವಿಭೂತಿ. ನೀನಿದ್ದಾಗ ಅದು ಮಲ್ಲಿಗೆ ಬಳ್ಳಿಗೆ ಹೋಗುತ್ತಿತ್ತು. ಕಾಡವ್ವ ಬಾಯಿ ತುಂಬ ನಕ್ಕರು. "ಬೂದಿ ಬಿದ್ರ ನೀಲಿ ಹೋಗಿ ಗುಲಾಬಿ ಆಗತೈತ್ರಿ. ನಾನೂ ಒಲಿ ಬೂದಿ ಹಾಕಿ ನನ್ನ ಮಗ ಮೈಲಾರನ ಕಡೆ ಬೈಸ್ಕೊಂಡೀನಿ. ಕೆಟ್ಟಿಲ್ಲ ಬಿಡ್ರಿ. ಬಣ್ಣ ಬ್ಯಾರೆ ಆಗೇತಿ, ಹೂವಂತೂ ಹೂವ ಐತಿ."

ಆಮೇಲೆ ಇಬ್ಬರೂ ಸೇರಿ ಕುಂಡಗಳನ್ನು ಮೂಡಣ ಗೋಡೆಯ ಪಕ್ಕಕ್ಕೆ ಎಳೆದೆವು. ಅಲ್ಲಿ ಬೆಳಗಿನ ಎಳೆಬಿಸಿಲು ಮಾತ್ರ ಬೀಳುತ್ತದೆ. ಅವರು ಈ ಗಿಡಗಳಿಗೆಂದೇ ಚೀಲದಲ್ಲಿ ತಂದಿದ್ದ ಒಣ ತರಗೆಲೆಯನ್ನು ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರು. ಅದಿದ್ದರೆ ಬೇರು ತಣ್ಣಗಿರುತ್ತದಂತೆ. ನಮ್ಮ ಅಳಿಯ ಕೆಲಸ ಮಾಡುವ ಸಸಿತೋಟದಲ್ಲಿಯೂ ಹೀಗೇ ಮಾಡುತ್ತಾರಂತೆ. ನೋಡು, ಅಳಿಯ ಎಂದು ಬರೆದುಬಿಟ್ಟೆ. ಹೊಡೆದುಹಾಕುವುದಿಲ್ಲ, ಇರಲಿ.

ಚಹಾ ನಾನೇ ಮಾಡಿದೆ. ಪಾಪ, ಕುಡಿದರು. ಐದೂವರೆಗೆ ಎಲೆಗಳು ಒಂದೊಂದಾಗಿ ಎದ್ದವು. ಒಂದು ಹನಿ ನೀರು ಹಾಕಿರಲಿಲ್ಲ. ಎದ್ದು ಹೊರಟಾಗ ಕಾಡವ್ವ ಹೇಳಿದರು, "ತೊಟ್ಟಲಾ ತೂಗಾಕ ಅಜ್ಜಾ ಬರಬೇಕ್ರಿ. ಕೂಸಿನ ಮೂಗ ಥೇಟ್ ನಿಮ್ದ ಐತಿ. ನೀವ ಬರಲಿಲ್ಲಂದ್ರ ಊರಾಗ ಮಂದಿ ಯಾರ ಮೂಗ ಅಂತ ಕೇಳತಾರ." ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಳಗೆ ಹೋಗಿ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಅವರು ರೈಲಿಗೆ ತಡವಾಯಿತೆಂದು ಹೊರಟಿದ್ದರು.

ಇದೇ ಹೆಂಗಸಿನ ಮನೆಯನ್ನು ನಾನು ಏನೆಂದಿದ್ದೆ, ನಿನಗೆ ನೆನಪಿದೆ. "ಕುರಿ ಕಾಯವರ ಮನಿಗಿ ಹ್ವಾದಾಕಿ ನನ್ನ ಮಗಳಲ್ಲ" ಎಂದೆ. ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಅದರ ಕೆಳಗೆ ಕುಳಿತು ನಾನು ಆ ಮಾತು ಆಡಿದೆ. ನೀನು ಆಗ ಫೋಟೋ ಕಡೆ ಒಮ್ಮೆ ನೋಡಿ, ನನ್ನ ಕಡೆ ನೋಡದೆ ಒಳಗೆ ಹೋದೆ. ಆ ನೋಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾನು ಬರುತ್ತೇನೆ ಕಾಂತಾ. ಹೇಗೆ ಬರುತ್ತೇನೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಬಾಣಂತಿಗೆ ತಣ್ಣೀರು ಮುಟ್ಟಲು ಬಿಡಬೇಡ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಮೈಲಾರಲಿಂಗನಿಗೂ ಅವನ ತಾಯಿಗೂ ಶರಣು ತಿಳಿಸು. ಮೊಮ್ಮಗಳಿಗೆ ನೂರು ವರ್ಷ ಆಯುಷ್ಯವಾಗಲಿ, ಮೂಗು ಅಜ್ಜನದಾದರೂ ಬುದ್ಧಿ ಅಜ್ಜಿಯದಾಗಲಿ.

ನಿನ್ನ,
ಗುರುಪುತ್ರಪ್ಪ

ತಾ.ಕ.: ದೊಡ್ಡ ಕುಂಡವನ್ನು ಯಾರೋ ಗೇಟಿನಲ್ಲಿ ಇಟ್ಟುಹೋದರು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಅವತ್ತು ನೀನು ಕಾಕತಿಗೆ, ನಿನ್ನ ಅಕ್ಕನ ಮನೆಗೆ ಹೋಗಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಸಮೃದ್ಧಿ ಬಂದಿದ್ದಳು, ಆ ಕುಂಡವನ್ನು ಎದೆಗವಚಿಕೊಂಡು. ಗೇಟಿಗೆ ಚಿಲಕ ಹಾಕಿರಲಿಲ್ಲ, ಆದರೂ ತೆಗೆದು ಒಳಗೆ ಬರಲಿಲ್ಲ. "ಅಪ್ಪಾ, ಒಳಗ ಕರೀರಿ" ಎಂದು ಮೂರು ಸಲ ಕೂಗಿದಳು. ನಾನು ಪರದೆಯ ಹಿಂದೆ ಕುಳಿತಿದ್ದೆ. ಅಲ್ಲಿ ನೆರಳೇ ಇಲ್ಲ, ನಿನಗೆ ಗೊತ್ತು. ಒಂದು ಗಂಟೆಗೆ ಗಿಡದ ಎಲೆಗಳು ಜೋತುಬಿದ್ದವು. ಅವಳು ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅದರ ಬುಡಕ್ಕೆ ಹಾಕಿದಳು, ತಾನು ಕುಡಿಯಲಿಲ್ಲ. ನಾಲ್ಕರವರೆಗೆ ನಿಂತಿದ್ದು ಹೋದಳು. ಸಂಜೆ ನಾನು ಗೇಟು ತೆಗೆದಾಗ ಗಿಡ ಎದ್ದು ನಿಂತಿತ್ತು. ಅವಳಿರಲಿಲ್ಲ.

ನಿನಗೆ ಈವರೆಗೂ ಇದು ಗೊತ್ತಿಲ್ಲವೆಂದರೆ ಅವಳು ನಿನ್ನೆದುರೂ ನನ್ನ ಮಾನ ಕಾದಿದ್ದಾಳೆ. ಬಸವ ಜಯಂತಿಯ ದಿನ ಅದೇ ಕುಂಡ ಹೊತ್ತುಕೊಂಡು ಹನ್ನೆರಡಕ್ಕೆ ನಿಮ್ಮ ಅಂಗಳದ ಹೊರಗೆ ಬಂದು ನಿಲ್ಲುತ್ತೇನೆ. ನೀನು ಕರೆಯಬೇಡ, ಕಾಡವ್ವನಿಗೂ ಕರೆಯಬೇಡವೆಂದು ಹೇಳು. ಸಮೃದ್ಧಿಯೇ ಕರೆದರೆ ಒಳಗೆ ಬರುತ್ತೇನೆ. ಸಂಜೆಯವರೆಗೂ ನಿಲ್ಲುತ್ತೇನೆ.