ವಾಮನನ ಗಂಟುಗಳು

ವಾಮನಾ,

ಇದನ್ನು ಓದಲು ನೀನಿಲ್ಲ. ನೀನು ತೀರಿಕೊಂಡದ್ದೂ ನನಗೆ ಬೇರೆಯವರ ಬಾಯಿಂದ ತಿಳಿಯಿತು.

ನಮ್ಮ ಹಳೆಯ ಜೀಪಿನ ಹಾರ್ನ್ ಇವತ್ತು ಬೆಳ್ಮಣ್‌ನಲ್ಲಿ ಕೈಕೊಟ್ಟಿತು. ಮನೆಗೆ ತಂದು ಡ್ಯಾಶ್‌ಬೋರ್ಡ್ ಬಿಚ್ಚಿದೆ. ಟಾರ್ಚ್ ಹಿಡಿದಿದ್ದ ನನ್ನ ಹೆಂಡತಿ ಸವಿತಾ, "ಇದೆಂತ, ಪ್ರತಿ ವಯರಿಗೂ ದಾರ ಕಟ್ಟಿದ್ದುಂಟಲ್ಲ?" ಎಂದಳು. ನಿಮ್ಮ ಕಾಪುವಿನ ಮೀನುಬಲೆಯ ನೈಲಾನ್ ದಾರ. ಹಾರ್ನಿನ ವಯರಿಗೆ ಒಂದು ಗಂಟು, ಲೈಟಿನದಕ್ಕೆ ಎರಡು, ವೈಪರಿನದಕ್ಕೆ ಮೂರು.

ಕೆಂಪು, ಹಸಿರು ನನ್ನ ಕಣ್ಣಿಗೆ ಒಂದೇ ಎಂದು ನಾನು ಅವಳಿಗೂ ಹೇಳಿದವನಲ್ಲ. ತೊಂಬತ್ತೇಳರಲ್ಲಿ ನಾವಿಬ್ಬರೇ ಇದರ ವಯರಿಂಗ್ ಮಾಡುವಾಗ ನೀನು ಕೆಂಪು ವಯರು ಕೇಳಿದೆ, ನಾನು ಹಸಿರು ಕೊಟ್ಟೆ. ನೀನು ನಗಲಿಲ್ಲ. "ಹೋಗಿ ಚಾ ತಾ ಮಾರಾಯ" ಎಂದು ನನ್ನನ್ನು ಪೇಟೆಗೆ ಕಳಿಸಿದೆ, ಅಷ್ಟೆ. ಈ ದಾರ ಕಟ್ಟಿದ್ದು ಆಗಲೇ ಇರಬೇಕು. ಆಮೇಲೆ ನಾವು ಮಾತು ಬಿಟ್ಟ ವರ್ಷಗಳಲ್ಲೂ ಈ ಗಂಟುಗಳು ನನಗೆ ಗೊತ್ತಿಲ್ಲದೆ ನನ್ನ ಮೊಣಕಾಲಿನ ಮುಂದೆಯೇ ಇದ್ದವು.

ಕಣ್ಣು ಮುಚ್ಚಿಕೊಂಡು ಬೆರಳಿನಿಂದ ತಡವಿದೆ. ಒಂದು ಗಂಟಿನ ವಯರು ಸಿಕ್ಕಿತು. ತುಂಡಾಗಿತ್ತು. ಹೊಸದು ಹಾಕಿದೆ, ಹಾರ್ನ್ ಕೂಗಿತು. ಅದಕ್ಕೂ ನಿನ್ನ ಹಾಗೆಯೇ ದಾರ ಕಟ್ಟೋಣವೆಂದು ಸಂಜೆಯವರೆಗೂ ಕುಳಿತಿದ್ದೇನೆ. ನೈಲಾನ್ ಜಾರುತ್ತದೆ. ನಿನ್ನದು ಇಷ್ಟು ವರ್ಷ ಹೇಗೆ ನಿಂತಿತು, ವಾಮನಾ?