ಮೇಲಿನ ಹೊಲದ ಹುರುಳಿ

ದ್ವಾರಕಾ, ನವದೆಹಲಿ
೮ ಡಿಸೆಂಬರ್ ೨೦೨೪, ಭಾನುವಾರ

ನನ್ನ ಮುದ್ದು ಗಗನಾ,

ನಿನಗೂ ಪವನ್‌ಗೂ ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಪ್ಪನ ಮಂಡಿನೋವು ಚಳಿಯ ಜೊತೆಗೇ ಬಂದಿದೆ, ಚಳಿಯ ಜೊತೆಗೇ ಹೋಗುತ್ತದಂತೆ. ದೀಪಾವಳಿಗೆ ನೀವು ಬಂದು ಹೋದ ಮರುದಿನವೇ ಬರೆಯಬೇಕೆಂದಿದ್ದೆ. ಹೊಲದ ಕೆಲಸ, ಅದರ ಮೇಲೆ ಈ ಹೊಗೆ, ಕೆಮ್ಮು ಅಂತ ತಡವಾಯಿತು. ಬೇಸರ ಮಾಡಿಕೊಳ್ಳಬೇಡ. ಫೋನಿರುವಾಗ ಕಾಗದ ಯಾಕೆ ಎಂದು ನಗುತ್ತೀಯ. ಫೋನು ಮಾಡಿದರೆ ನೀನು "ಅಮ್ಮಾ, ಮೀಟಿಂಗ್ ಮೇ ಹೂಂ" ಎನ್ನುತ್ತೀಯ, ನಾನು ಇಟ್ಟುಬಿಡುತ್ತೇನೆ. ಬೇಸಿಗೆ ರಜೆಯಿಡೀ ಕೂರಿಸಿ ನಿನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಇಂಥ ದಿನಕ್ಕೇ. ನಿಧಾನವಾಗಿ ಓದು. ಅರ್ಥವಾಗದ ಪದ ಬಂದರೆ ನನ್ನನ್ನೇ ಕೇಳು. ನಿನ್ನ ಶಾರದಾ ಆಂಟಿಯ ಹತ್ತಿರ ಓದಿಸಬೇಡ.

ಮೊದಲು ಹೊಲದ ಸುದ್ದಿ. ಈ ಹೊಲದ ಕಥೆಯನ್ನು ನೀನು ಯಾವಾಗಲೂ ನಿನ್ನಪ್ಪನ ಬಾಯಿಂದಲೇ ಕೇಳಿದ್ದೀಯ, ಅದೂ ಪವನ್ ಎದುರಿಗೆ, ನನ್ನನ್ನು ನಗೆಪಾಟಲು ಮಾಡುವುದಕ್ಕೆ. ನನ್ನ ಕಡೆಯದನ್ನೂ ಒಂದು ಸಲ ಕೇಳು.

ಮೂರು ವರ್ಷದ ಹಿಂದೆ ನಿನ್ನಪ್ಪನೂ ನಿನ್ನ ಶಾರದಾ ಆಂಟಿಯ ಯಜಮಾನರು ಚಂದ್ರಮೋಹನ ಅವರೂ ಒಟ್ಟಿಗೆ ರಿಟೈರ್ ಆಗಿ, ಒಟ್ಟಿಗೆ ಹುಚ್ಚು ಹಿಡಿದು, ಸೋಹ್ನಾ ಕಡೆಯ ಗುಡ್ಡದ ಬುಡದಲ್ಲಿ ಒಂದು ತುಂಡು ಜಮೀನು ಕೊಂಡರಲ್ಲ. ಇಳಿಜಾರು ಜಾಗ. ಮೇಲಿನದೊಂದು ಪಾಲು, ಕೆಳಗಿನದೊಂದು ಪಾಲು. "ಶಾಂತಮ್ಮನವರೇ, ನಿಮಗೆ ಯಾವುದು ಬೇಕೋ ಮೊದಲು ನೀವೇ ಆರಿಸ್ಕೊಳ್ಳಿ" ಎಂದು ಚಂದ್ರಮೋಹನ ಅವರು ದೊಡ್ಡ ಮನಸ್ಸು ಮಾಡಿದರು. ನಾನು ಹಿಂದೆ ಮುಂದೆ ನೋಡದೆ "ಮೇಲಿಂದು" ಎಂದುಬಿಟ್ಟೆ. ಯಾಕೆ ಹೇಳು? ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ವರ್ಷವೂ ಅವರದು ಮೇಲಿನ ಮನೆ, ನಮ್ಮದು ಕೆಳಗಿನ ಮನೆ. ಅವರ ತುಳಸಿ ಕುಂಡದ ನೀರು ನನ್ನ ಸಂಡಿಗೆಯ ಮೇಲೆ. ಅವರ ಬಚ್ಚಲಿನ ನೀರು ನನ್ನ ಅಡುಗೆಮನೆಯ ಗೋಡೆಯ ಮೇಲೆ. ಹೇಳಿದರೆ ಶಾರದಮ್ಮ ಬಾಲ್ಕನಿಯಿಂದ ಬಗ್ಗಿ "ಅಯ್ಯೋ, ಬಿತ್ತಾ?" ಎನ್ನುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಇನ್ನು ಮೇಲೆ ನಮ್ಮ ನೀರು ಅವರ ಮೇಲೆ ಬೀಳಲಿ ಎಂದುಕೊಂಡೆ. ಬಿತ್ತು. ನೀರಿನ ಜೊತೆಗೆ ನನ್ನ ಮಣ್ಣೂ ಹೋಯಿತು.

ನಿಂಬೆ ಸಸಿಗೆ ಗುಂಡಿ ತೋಡುವ ದಿನವೇ ಗೊತ್ತಾಯಿತು. ಹಾರೆ ಒಂದು ಗೇಣು ಇಳಿದದ್ದೇ ಠಣ್ ಎಂದಿತು. ಕಲ್ಲೊಂದು ಸಿಕ್ಕಿದೆ, ಪಕ್ಕದಲ್ಲಿ ತೋಡೋಣ ಎಂದರು ನಿನ್ನಪ್ಪ. ಪಕ್ಕದಲ್ಲೂ ಠಣ್. ಆ ಮೂಲೆ, ಈ ಮೂಲೆ, ಎಲ್ಲಿ ಹಾಕಿದರೂ ಠಣ್. ಜೆಸಿಬಿಯವನನ್ನು ಕರೆಸಿದೆವು. ಅವನು ಎರಡು ಸಲ ಕೆರೆದು ನೋಡಿ, "ಆಂಟೀಜೀ, ನೀಚೆ ತೋ ಪೂರಾ ಚಟ್ಟಾನ್ ಹೈ" ಎಂದು ಗಾಡಿ ತಿರುಗಿಸಿದ. ಹೊಲಕ್ಕೆ ಹೊಲವೇ ಒಂದು ಹಾಸುಬಂಡೆ, ಮೇಲೆ ತೆಳ್ಳಗೆ ಮಣ್ಣು. ಕೆಳಗೆ ಅವರ ಪಾಲಿನಲ್ಲಿ ಸೊಂಟದುದ್ದ ಅಗೆದರೂ ಮಣ್ಣೇ! ವರ್ಷಾನುವರ್ಷ ಮೇಲಿನಿಂದ ಕೊಚ್ಚಿಕೊಂಡು ಬಂದು ಕೂತದ್ದು.

ಆದರೂ ನಾನು ಬಿಟ್ಟೆನೇ? ನುಗ್ಗೆ ನೆಟ್ಟೆ. ಚೆನ್ನಾಗಿಯೇ ಎದ್ದಿತ್ತು. ಮೇ ತಿಂಗಳ ಮೊದಲ ಆಂಧಿಯ ಬಿರುಗಾಳಿಗೆ ಬುಡಸಮೇತ ಮಲಗಿತು. ಕೆಳಗಿಳಿಯಲು ಜಾಗವಿಲ್ಲದೆ ಅದರ ಬೇರು ಚಪಾತಿಯ ಹಾಗೆ ಅಗಲಕ್ಕೆ ಹರಡಿತ್ತು. ಟೊಮೇಟೊ ಹಾಕಿದೆ, ಬಂಡೆ ಕಾದು ಗಿಡ ಬೆಂದುಹೋಯಿತು. ಕೊಡಗಟ್ಟಲೆ ನೀರು ಹಾಕಿದರೆ ಅದು ಬಂಡೆಯ ಮೇಲೆ ಜಾರಿ ನೇರವಾಗಿ ಶಾರದಮ್ಮನ ಬದನೆ ಸಾಲಿಗೆ ಹೋಗುತ್ತಿತ್ತು. ನೀರು ಹಾಕುವವಳು ನಾನು, ಹಸಿರಾಗುವುದು ಅವರ ಗಿಡ. "ಮೇಲಿಂದು ಬೇಡ ಅಂತ ಅವತ್ತೇ ಹೇಳಿದ್ದೆ. ನಿಂಗೆ ಹೇಳೋದೂ ಒಂದೇ, ಗೋರ್ಕಲ್ಲಿನ ಮೇಲೆ ಮಳೆ ಸುರಿಯೋದೂ ಒಂದೇ" ಎಂದರು ನಿನ್ನಪ್ಪ. ಅವತ್ತು ಅವರಿಗೆ ಎರಡನೇ ಸಲ ಕಾಫಿ ಕೊಡಲಿಲ್ಲ.

ಹೌದು, ನನಗೆ ಹೊಟ್ಟೆಕಿಚ್ಚು. ನಿನ್ನ ಹತ್ತಿರ ಮುಚ್ಚಿಡುವುದೇನು? ಅವರ ಬದನೆಕಾಯಿ ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಅವು ಬೆಳೆದದ್ದು ನನ್ನ ಮಣ್ಣಿನಲ್ಲಿ. ಚೀಲ ತುಂಬಿಕೊಂಡು ಗ್ರೇಟರ್ ನೋಯ್ಡಾಕ್ಕೆ ಹೋಗುವಾಗ ಶಾರದಮ್ಮ ಪ್ರತಿ ಸಲವೂ "ಗಗನಾ ಮನೆಗೂ ನಾಲ್ಕು ಕೊಟ್ ಬರ್ತೀನಿ, ದಾರೀಲೇ ಅಲ್ವಾ" ಎನ್ನುತ್ತಾರೆ. ಅವರ ಮಗ ರಾಘವನ ಫ್ಲ್ಯಾಟು ನಿನ್ನ ಸೊಸೈಟಿಯ ಪಕ್ಕದಲ್ಲೇ ಇರಬೇಕೇ? ನಾನು ಈ ತುದಿಯ ದ್ವಾರಕಾದಿಂದ ನಿನ್ನ ಮನೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಮಗನ ಮನೆಯಲ್ಲಿದ್ದಾಗ ಅವರು ಚಪ್ಪಲಿ ಮೆಟ್ಟಿದರೆ ಸಾಕು. ನೀನು ಅವರ ಎಣ್ಣೆಗಾಯಿಯ ಫೋಟೋ ಹಾಕಿ "ಬೆಸ್ಟ್ ಇನ್ ದ ವರ್ಲ್ಡ್" ಎಂದು ಬರೆದದ್ದನ್ನು ನಾನೂ ನೋಡಿದೆ. ಹೆಬ್ಬೆಟ್ಟಿನ ಗುರುತನ್ನೂ ಒತ್ತಿದೆ. ದೀಪಾವಳಿಗೆ ನಾನು ಹೋಳಿಗೆ ಮಾಡಿದರೆ ಒಂದು ಚೂರು ಮುರಿದು "ಬಸ್ ಅಮ್ಮಾ" ಎಂದು ತಟ್ಟೆ ಸರಿಸಿದೆಯಲ್ಲ. ಅವರ ಕೈರುಚಿ ಹತ್ತಿದವಳಿಗೆ ನನ್ನದು ಎಲ್ಲಿ ಹಿಡಿಸಬೇಕು ಎಂದು ನಾನು ಆ ರಾತ್ರಿ ಅತ್ತೆ. ನಿನ್ನಪ್ಪ ಕೇಳಿದಾಗ ನೆಗಡಿ ಎಂದೆ.

ಈ ವರ್ಷ ಮಾತ್ರ ನನ್ನದೇ ಗೆಲುವು. ಬೇಸಿಗೆಯಲ್ಲಿ ನಿನ್ನ ಸೋದರಮಾವ ಈಶ್ವರಪ್ಪ ಹೊಸದುರ್ಗದಿಂದ ಬಂದಿದ್ದನಲ್ಲ, ಹೊಲ ನೋಡಿ, "ಅಕ್ಕಾ, ಬಂಡೆ ಜೊತೆ ಯಾಕೆ ಜಗಳ? ಬದುವು ಹಾಕಿ ಹುರುಳಿ ಚೆಲ್ಲು. ನಮ್ಮ ಗುಡ್ಡದ ಮೇಲೆ ಬೇರೇನು ಬೆಳೀತೀವಿ ನಾವು?" ಎಂದ. ಊರಿಂದ ಬೀಜವನ್ನೂ ಕಳಿಸಿದ. ನಾನು, ನಿನ್ನಪ್ಪ, ಇಬ್ಬರೇ ಹೊಲದ ಕಲ್ಲನ್ನೆಲ್ಲ ಆರಿಸಿ ಇಳಿಜಾರಿಗೆ ಅಡ್ಡಲಾಗಿ ಮೂರು ಸಾಲು ಬದುವು ಕಟ್ಟಿದೆವು. ನಿನ್ನಪ್ಪನ ಮಂಡಿ ಹೋದದ್ದು ಅಲ್ಲೇ. ಮಳೆ ಬಂತು, ಮಣ್ಣು ಬದುವಿಗೆ ಒರಗಿ ನಿಂತಿತು, ಒಂದು ಹಿಡಿಯೂ ಕೆಳಗೆ ಹೋಗಲಿಲ್ಲ! ಶಾರದಮ್ಮ ಕೆಳಗಿನಿಂದ ಕತ್ತೆತ್ತಿ, "ಈ ಸಲ ಮಣ್ಣೇ ಬರ್ಲಿಲ್ವಲ್ರೀ" ಎಂದರು. ನಾನು ಮೇಲಿನಿಂದ ಬಗ್ಗಿ, "ಅಯ್ಯೋ, ಬರ್ಲಿಲ್ವಾ?" ಎಂದೆ. ಅಷ್ಟು ವರ್ಷದ ಸಂಡಿಗೆಯ ಲೆಕ್ಕ ಅವತ್ತು ತೀರಿತು.

ಮಳೆಗಾಲದ ಕೊನೆಗೆ ಹುರುಳಿ ಚೆಲ್ಲಿದೆ. ಗೇಣುದ್ದ ಮಣ್ಣೇ ಅದಕ್ಕೆ ಬೇಕಾದಷ್ಟಾಯಿತು. ನೀರಿಲ್ಲ, ಗೊಬ್ಬರವಿಲ್ಲ, ಬಳ್ಳಿ ಬಂಡೆಯನ್ನೆಲ್ಲ ಮುಚ್ಚಿತು. ಕಳೆದ ತಿಂಗಳು ಕಿತ್ತು, ಒಣಗಿಸಿ, ಬಡಿದು, ತೂರಿ, ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಕಾಳು ಮಾಡಿದೆ. ನನ್ನ ಹೊಲದ ಮೊದಲ ಬೆಳೆ. ಚಿಕ್ಕವಳಿದ್ದಾಗ ನೀನು ಹುರುಳಿ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿಯುತ್ತಿದ್ದೆ, ನೆನಪಿದೆಯೇ? ಆ ಡಬ್ಬಿಯನ್ನು ನಿನಗಾಗಿಯೇ ತುಂಬಿದ್ದು. ಆದರೆ ಅದು ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನೇನು ವಿಶೇಷವಿಲ್ಲ. ನಮ್ಮ ಬ್ಲಾಕಿನ ಲಿಫ್ಟ್ ಮತ್ತೆ ಕೆಟ್ಟಿದೆ. ತರಕಾರಿ ಭಯ್ಯಾ ನಿನ್ನನ್ನು ಕೇಳುತ್ತಿದ್ದ. ಬೆಳಗಿನ ಮಂಜಿನಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಗಾಡಿ ಓಡಿಸಬೇಡ, ಪವನ್ ಓಡಿಸಲಿ. ಕಿವಿಗೆ ಬಟ್ಟೆ ಕಟ್ಟಿಕೋ. ಹೊತ್ತು ಹೊತ್ತಿಗೆ ತಿನ್ನು. ದೇವರು ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಮ್ಮ
ಶಾಂತಮ್ಮ

ಮರೆತದ್ದು: ಮರೆತದ್ದಲ್ಲ, ಕೈ ಬರದೆ ಬಿಟ್ಟದ್ದು. ಹೋದ ಭಾನುವಾರ ಹೊಲದಲ್ಲಿ, ನನ್ನ ಬಿಗುಮಾನವನ್ನೆಲ್ಲ ಪಕ್ಕಕ್ಕಿಟ್ಟು, ಆ ಡಬ್ಬಿಯನ್ನು ಶಾರದಮ್ಮನ ಕೈಗೆ ಕೊಟ್ಟೆ. "ದಾರೀಲೇ ಅಲ್ವಾ, ಗಗನಾಗೆ ಮುಟ್ಟಿಸಿ. ನಾನು ಬೆಳೆದದ್ದು ಅಂತ ಹೇಳಿ" ಎಂದೆ. ಅವರು ಮುಚ್ಚಳ ತೆಗೆದು ನೋಡಿದರು. ಮತ್ತೆ ಮುಚ್ಚಿ ನನ್ನ ಕೈಗೇ ಕೊಟ್ಟು, ಮೆಲ್ಲಗೆ, "ಹುರುಳಿ ಉಷ್ಣ ಅಲ್ವಾ ಶಾಂತಮ್ಮನವರೇ? ಈಗ ಮೂರು ತಿಂಗಳು ತುಂಬೋ ಹೊತ್ತು. ಅವಳಿಗೆ ಈಗ ಬೇಡ" ಎಂದರು.

ಗಗನಾ, ನಾನು ಏನು ಮಾಡಿದೆ ಗೊತ್ತೇ? ನಕ್ಕೆ. "ಹೌದಲ್ಲ, ನೋಡಿ, ಗೊತ್ತಿದ್ದೂ ಮರೆತೆ" ಎಂದೆ. ನೀನೇ ಹೇಳಿದೆಯೋ, ಅವರೇ ನಿನ್ನ ಮುಖ ನೋಡಿ ಕಂಡುಹಿಡಿದರೋ, ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತಿತ್ತು. ನಿನ್ನಪ್ಪನಿಗೂ ಹೇಳಿಲ್ಲ. ಅವರಿಗಾದರೂ ನಿನ್ನ ಬಾಯಿಂದಲೇ ಗೊತ್ತಾಗಲಿ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ಶಾಸ್ತ್ರ ನನಗೂ ಗೊತ್ತು. ಅದು ಊರಿಗೆ ಕಣೇ, ಹೆತ್ತವಳಿಗಲ್ಲ. ನೀನು ಹೋಳಿಗೆ ಸರಿಸಿದ್ದು ಯಾಕೆಂದು ಈಗ ತಿಳಿಯಿತು. ಅದಕ್ಕೊಂದು ಸಮಾಧಾನ.

ಹುರುಳಿ ಕೆಡುವುದಿಲ್ಲ, ಇಟ್ಟಿರುತ್ತೇನೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ನಾನು ಯಾರಿಗೂ ಪಾಲು ಕೊಡುವುದಿಲ್ಲ. ಅಲ್ಲಿಯವರೆಗೆ ನಿನಗೆ ಏನು ತಿನ್ನಬೇಕೆನ್ನಿಸಿದರೂ ಮೊದಲು ನನಗೆ ಹೇಳು. ನನ್ನ ಬಂಡೆಯ ಮೇಲೆ ಬೆಳೆಯದ್ದಾದರೆ ಐಎನ್‌ಎ ಮಾರ್ಕೆಟ್ಟಿನಿಂದ ತರುತ್ತೇನೆ. ಶಾರದಮ್ಮನ ಬದನೆಕಾಯಿಯೇ ಬೇಕೆಂದರೂ ಸರಿ, ನಾನೇ ಇಳಿದು ಹೋಗಿ, ಅವರನ್ನು ಕೇಳಿ, ತಂದುಕೊಡುತ್ತೇನೆ. ಬೇಕು ಅಂತ ನೀನು ನನಗೆ ಹೇಳಬೇಕು, ಅಷ್ಟೇ.